ಬೆನ್ನಿಗೆ ದಿಂಬು

ನನ್ನ ಗಂಡನಿಗೆ ಸರಿಯಾಗಿರುವ ವಸ್ತು ಕಂಡರೆ ಆಗುವುದಿಲ್ಲ. ಮಲೇಶಿಯಾದ ಸುಬಾಂಗ್ ಜಯಾದ ನಮ್ಮ ಮನೆಯಲ್ಲಿ ಬಾಗಿಲು ನುಜ್ಜಾದ ಫ್ರಿಜ್ ಇದೆ, ಒಂದು ಕಾಲಿಗೆ ಬೇರೆ ಬಣ್ಣದ ಮರ ಜೋಡಿಸಿದ ಊಟದ ಮೇಜಿದೆ, ಮೂರನೆಯ ವೇಗದಲ್ಲಿ ಮಾತ್ರ ತಿರುಗುವ ಫ್ಯಾನ್ ಇದೆ. ಅಂಗಡಿಯವರು ಬೇಡವೆಂದು ಮೂಲೆಗೆ ಸರಿಸಿಟ್ಟ ಮಾಲು ಕಣ್ಣಿಗೆ ಬಿದ್ದರೆ ಇವರ ಮುಖ ಅರಳುತ್ತದೆ. "ಇದಕ್ಕೆ ಎಂತ ಆಗಿದೆ ಅಂತ ಅವರಿಗೆ ಗೊತ್ತಿಲ್ಲ ಶರ್ಮಿಳಾ. ನನಗೆ ಗೊತ್ತುಂಟು. ಒಂದು ಸ್ಕ್ರೂ, ಅಷ್ಟೆ" ಎನ್ನುತ್ತಾರೆ. ಹೆಚ್ಚಿನ ಸಲ ಇವರು ಹೇಳಿದ್ದೇ ನಿಜವಾಗುತ್ತದೆ, ಅದೇ ನನ್ನ ಕರ್ಮ. ಒಮ್ಮೆಯಾದರೂ ಪೂರ್ತಿ ಸೋತಿದ್ದರೆ ಈ ಚಟ ಬಿಟ್ಟುಹೋಗುತ್ತಿತ್ತು.

ಬೌಲರುಗಳನ್ನೂ ಇವರು ಹೀಗೇ ತರುತ್ತಾರೆ. ಮೊಣಕಾಲು ಹೋದ, ಭುಜ ಜಾರಿದ, ಬೆನ್ನು ಬಿರುಕು ಬಿಟ್ಟ, ಊರಿನಲ್ಲಿ ಯಾರಿಗೂ ಬೇಡವಾದ ಬೌಲರುಗಳನ್ನು.

ಇಷ್ಟೇ ಹೇಳಿದರೆ ಯಾರಿಗೂ ತಲೆಬುಡ ತಿಳಿಯುವುದಿಲ್ಲ. ನನ್ನ ಗಂಡ ಮಧ್ವರಾಜ ಮೂಳೆ ಡಾಕ್ಟರು. ಮಣಿಪಾಲದಲ್ಲಿ ಓದಿ, ಅಲ್ಲೇ ಪಾಠ ಮಾಡಿ, ಈಗ ಇಲ್ಲಿಯ ಒಂದು ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಪ್ರೊಫೆಸರಾಗಿದ್ದಾರೆ. ನಾನು ಅದೇ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಕಲಿಸುತ್ತೇನೆ. ಕ್ವಾಲಾಲಂಪುರದ ಸುತ್ತಮುತ್ತಲಿನ ಕನ್ನಡಿಗರು ಸೇರಿ ವರ್ಷಕ್ಕೊಂದು ವಾರಾಂತ್ಯದ ಕ್ರಿಕೆಟ್ ಲೀಗ್ ಆಡುತ್ತಾರೆ. ಸುಬಾಂಗಿನವರದೊಂದು ತಂಡ, ಪುತ್ರಜಯಾದವರದೊಂದು, ಬ್ರಿಕ್‌ಫೀಲ್ಡ್ಸಿನವರದೊಂದು, ಹೀಗೆ. ನಮ್ಮ ಕರಾವಳಿಯಲ್ಲಿ ಗದ್ದೆಗೊಂದು ಪ್ರೀಮಿಯರ್ ಲೀಗ್ ಇದೆಯಲ್ಲ, ಪ್ರತಿಯೊಂದಕ್ಕೂ ಆಟಗಾರರ ಹರಾಜು ನಡೆಯುತ್ತದಲ್ಲ, ಆ ಹುಚ್ಚನ್ನು ನಾವು ಸಮುದ್ರ ದಾಟಿಸಿ ಇಲ್ಲಿಗೂ ತಂದಿದ್ದೇವೆ. ದುಡ್ಡಿನ ವ್ಯವಹಾರವಿಲ್ಲ, ಬರೀ ಪಾಯಿಂಟು. ಎಲ್ಲ ತಂಡಗಳಿಗೂ ಸಮನಾಗಿ ಹಂಚಿರುತ್ತಾರೆ, ಅದರಲ್ಲೇ ಕೂಗಿ ಕೊಳ್ಳಬೇಕು. ಒಬ್ಬನ ಮೇಲೆ ಸುರಿದರೆ ಮಿಕ್ಕವರನ್ನು ಕೊಳ್ಳಲು ಏನೂ ಉಳಿಯುವುದಿಲ್ಲ. ಆಟಗಾರರು ಹರಾಜು ನಡೆಯುವ ಹಾಲಿನಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ತಮಗೆ ಎಷ್ಟು ಕೂಗುತ್ತಾರೆಂದು ಕಿವಿಯಾರೆ ಕೇಳಿಸಿಕೊಳ್ಳುತ್ತಾರೆ. ನನ್ನ ಕಣ್ಣಿಗೆ ಅದು ಮೊದಲಿಂದಲೂ ದನದ ಸಂತೆಯಂತೆಯೇ ಕಂಡಿದೆ. ಹಾಗೆಂದರೆ "ನಿನಗೆ ಆಟದ ಗಂಧ ಇಲ್ಲ" ಎಂದು ನನ್ನ ಬಾಯಿ ಮುಚ್ಚಿಸುತ್ತಾರೆ.

ಊರಿನಲ್ಲಿ ಚೆನ್ನಾಗಿ ಆಡಿ, ಗಾಯ ಮಾಡಿಕೊಂಡು, ಅವಕಾಶ ಕೈತಪ್ಪಿ, ಇನ್ನು ಓದಾದರೂ ಆಗಲಿ ಎಂದು ಇಲ್ಲಿಯ ಕಾಲೇಜುಗಳಿಗೆ ಬರುವವರು ವರ್ಷಕ್ಕೊಬ್ಬರಾದರೂ ಇರುತ್ತಾರೆ. ಅವರ ಸ್ಕ್ಯಾನ್‌ಗಳನ್ನು ಇವರು ಬೆಳಕಿಗೆ ಹಿಡಿದು ನೋಡುತ್ತಾರೆ. ಯಾವುದು ಮುಗಿದ ಕಥೆ, ಯಾವುದು ಒಂದು ಸ್ಕ್ರೂವಿನ ಕಥೆ ಎಂದು ಇವರಿಗೆ ತಿಳಿಯುತ್ತದೆ, ಹರಾಜು ಕೂಗುವವರಿಗೆ ತಿಳಿಯುವುದಿಲ್ಲ. ಹಾಗೆ ಸಿಕ್ಕವನು ಕೌಸ್ತುಭ, ಮೊಣಕಾಲಿನವನು. ಮರುವರ್ಷ ಸಿಕ್ಕವನು ಸುಮಂತ, ಭುಜದವನು. ಇವರ ಮಾತು ಕೇಳಿ ಇಬ್ಬರನ್ನೂ ನಮ್ಮ ಸುಬಾಂಗ್ ತಂಡ ಚಿಲ್ಲರೆ ಪಾಯಿಂಟಿಗೆ ಎತ್ತಿತು, ಇವರು ರಿಪೇರಿ ಮಾಡಿದರು, ಎರಡೂ ವರ್ಷ ಕಪ್ ನಮ್ಮ ಕಡೆಗೇ ಬಂತು. ಕೌಸ್ತುಭ ಈಗ ಊರಿನಲ್ಲಿ ದೊಡ್ಡ ಮಟ್ಟದಲ್ಲಿ ಆಡುತ್ತಿದ್ದಾನೆ. ಅದರಲ್ಲಿ ಕೊಂಕು ತೆಗೆಯುವಂಥದ್ದು ಏನೂ ಇರಲಿಲ್ಲ. ಹುಡುಗರಿಗೂ ಒಳ್ಳೆಯದಾಯಿತು, ಇವರಿಗೂ ಹೆಸರು ಬಂತು. ನಾನೂ ಒಳಗೊಳಗೇ ಹೆಮ್ಮೆಪಟ್ಟಿದ್ದೆ.

ಹೆಸರು ಬಂದದ್ದೇ ತೊಂದರೆಯಾಯಿತು. ಈ ವರ್ಷ ಉಳಿದ ತಂಡದವರು ಎಚ್ಚೆತ್ತುಕೊಂಡರು. ಸ್ಕ್ಯಾನ್ ಓದಲು ಬಾರದಿದ್ದರೇನು, ಡಾಕ್ಟರ ಮುಖ ಓದಿದರಾಯಿತು, ಅವರು ಯಾರಿಗಾಗಿ ಆಸೆಪಡುತ್ತಾರೋ ಅವನ ಮೇಲೆ ನಾವೂ ಕೂಗಿದರಾಯಿತು ಎಂದು ಬಹಿರಂಗವಾಗಿಯೇ ಹೇಳಿಕೊಂಡು ತಿರುಗಿದರು.

ಈ ವರ್ಷ ಬಂದವನು ಕೀರ್ತಿರಾಜ್.

ಕಾಪುವಿನ ಕಡೆಯವನು, ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರ. ತಂದೆ ಇಲ್ಲ. ತಾಯಿ ರತ್ನಮ್ಮ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಮಸ್ಕತ್‌ನಲ್ಲಿರುವ ಸೋದರಮಾವ ಓದಿಸುತ್ತಿದ್ದಾನೆ. ವೇಗವಾಗಿ ಬೌಲ್ ಮಾಡಿ ಮಾಡಿ ಸೊಂಟದ ಹತ್ತಿರ ಬೆನ್ನುಮೂಳೆ ಬಿರುಕು ಬಿಟ್ಟಿತ್ತು. ಊರಿನಲ್ಲಿ ಆಯ್ಕೆಗಾರರು "ಇವನ ಕಥೆ ಮುಗೀತು" ಎಂದಿದ್ದರು. ಇವರು ಸ್ಕ್ಯಾನ್ ನೋಡಿ "ಮುಗಿದದ್ದು ಅವರ ತಲೆ" ಎಂದರು.

ಬೇರೆಯವರಾಗಿದ್ದರೆ ನಾಲ್ಕು ಮಾತ್ರೆ ಬರೆದು ಕಳಿಸುತ್ತಿದ್ದರೇನೋ. ಇವರು ಆ ಬೆನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದರು. ತಿಂಗಳುಗಟ್ಟಲೆ ಚೆಂಡು ಮುಟ್ಟಲು ಬಿಡಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ಈಜಿಸಿದರು, ಆಮೇಲೆ ನಡೆಸಿದರು, ಆಮೇಲೆ ನಿಧಾನಕ್ಕೆ ಓಡಿಸಿದರು. ಭಾನುವಾರ ಅವನ ಊಟ ನಮ್ಮಲ್ಲೇ. ಅಕ್ಕ, ಅಕ್ಕ ಎಂದು ನನ್ನ ಹಿಂದೆಯೇ ಅಡುಗೆಮನೆಗೆ ಬಂದು ತೆಂಗಿನಕಾಯಿ ತುರಿದು ಕೊಡುತ್ತಿದ್ದ. ರತ್ನಮ್ಮನೂ ನನಗೆ ಫೋನ್ ಮಾಡುವಷ್ಟು ಸಲಿಗೆ ಬೆಳೆಸಿಕೊಂಡಿದ್ದರು. "ನಿಮ್ಮ ಕೈಯಲ್ಲಿ ಹಾಕಿದ್ದೇನೆ ಅಕ್ಕ, ಇನ್ನು ನೀವುಂಟು ಅವ ಉಂಟು" ಎನ್ನುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಆದರೂ ಅಕ್ಕ ಎನ್ನುವುದು ಬಿಡಲಿಲ್ಲ.

ಹರಾಜಿಗೆ ಸ್ವಲ್ಪ ದಿನ ಮೊದಲು ಇವರು ಹೊಸ ಸ್ಕ್ಯಾನ್ ಮಾಡಿಸಿದರು. ನಮ್ಮ ಊಟದ ಮೇಜಿನ ಮುಂದೆಯೇ ಅವನನ್ನು ನಿಲ್ಲಿಸಿಕೊಂಡು, "ಮೂಳೆ ಚೆಂದ ಕೂಡಿದೆ ಮಾರಾಯ. ಇನ್ನು ಬೆನ್ನು ಅನ್ನೋದು ಉಂಟು ಅಂತಲೇ ಮರೆತುಬಿಡು. ಓಡಿ ಬಂದು ಎಸಿ" ಎಂದರು. ಅವತ್ತು ಸಂಜೆ ನೆಟ್ಸ್‌ಗೆ ನಾನೂ ಹೋಗಿದ್ದೆ. ಆಟದ ಗಂಧವಿಲ್ಲದ ನನಗೂ ಅದು ಬೇರೆಯೇ ಎಂದು ತಿಳಿಯಿತು. ಚೆಂಡು ನೆಲಕ್ಕೆ ಬಿದ್ದ ಸದ್ದಿಗೆ ಪಕ್ಕದಲ್ಲಿ ಫುಟ್ಬಾಲ್ ಆಡುತ್ತಿದ್ದವರು ಆಟ ನಿಲ್ಲಿಸಿ ನೋಡಿದರು. ಅವನು ನಗುತ್ತಾ ಬಂದು, "ಅಕ್ಕ, ಊರಿನ ಲೀಗಿನ ಒಂದು ಟೀಮಿನವರು ಹೇಳಿದ್ದಾರೆ, ಈ ಸೀಸನ್ ಪೂರ್ತಿ ಇದೇ ಸ್ಪೀಡಲ್ಲಿ ಬೌಲ್ ಮಾಡಿ ವಿಡಿಯೋ ಕಳಿಸಿದ್ರೆ ಕ್ಯಾಂಪಿಗೆ ಕರೀತಾರಂತೆ" ಎಂದ. ಅವನಿಗೆ ಬೇಕಾಗಿದ್ದದ್ದು ಅಷ್ಟೆ, ಒಂದು ಸೀಸನ್ ಹೆದರಿಕೆಯಿಲ್ಲದೆ ಬೌಲ್ ಮಾಡುವುದು.

ಹರಾಜಿನ ಬೆಳಿಗ್ಗೆ ಹೊರಡುವಾಗ ಇವರು, "ಸೋಫಾದ ಆ ನೀಲಿ ದಿಂಬು ಕಾರಿಗೆ ಹಾಕು" ಎಂದರು. ಬ್ರಿಕ್‌ಫೀಲ್ಡ್ಸಿನ ಆ ಹಾಲಿನ ಕುರ್ಚಿಗಳು ಗಟ್ಟಿ, ತಮಗೇ ಇರಬೇಕೆಂದುಕೊಂಡು ಹಾಕಿದೆ.

ಹಾಲ್ ಗಿಜಿಗುಡುತ್ತಿತ್ತು. ಒಂದು ಕಡೆ ಬಾಳೆಎಲೆಯಲ್ಲಿ ಕಟ್ಟಿದ ನಾಸಿ ಲೆಮಾಕ್ ಎಂಬ ಇಲ್ಲಿಯ ತೆಂಗಿನಹಾಲಿನ ಅನ್ನ, ಇನ್ನೊಂದು ಕಡೆ ಕೇಸರಿಬಾತು. ನಮ್ಮ ಮಗಳು ಅನನ್ಯ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಎಲ್ಲವನ್ನೂ ಫೇಸ್‌ಬುಕ್ಕಿನಲ್ಲಿ ಲೈವ್ ಬಿಡುತ್ತಿದ್ದಳು, ಊರಿನಲ್ಲಿರುವ ಮನೆಯವರು ನೋಡಲಿ ಎಂದು. ಹರಾಜು ನಡೆಸುವವರು ನರಹರಿ, ಅಲ್ಲೇ ಪಕ್ಕದಲ್ಲಿ ಸೀರೆ ಅಂಗಡಿ ಇಟ್ಟಿರುವ ಬೆಂಗಳೂರಿನವರು. ಸೀರೆ ಮಾರುವ ಬಾಯಲ್ಲೇ ಆಟಗಾರರನ್ನೂ ಮಾರುತ್ತಾರೆ.

"ಮುಂದಿನ ಹೆಸರು ಕೀರ್ತಿರಾಜ್! ರೈಟ್ ಆರ್ಮ್ ಫಾಸ್ಟ್! ನೋಡಿ ಸ್ವಾಮಿ ಹುಡುಗನ್ನ, ಲೈಟ್ ಕಂಬದ್ ಥರ ಇದಾನೆ. ಬೇಸ್ ಪಾಯಿಂಟಿಂದ ಶುರು. ಯಾರ್ ಕೂಗ್ತೀರಾ?"

ಕೀರ್ತಿರಾಜ್ ಎದ್ದು ಕೈ ಮುಗಿದು ಕೂತ. ಹಾಲಿನಲ್ಲಿದ್ದವರೆಲ್ಲ ಒಂದೇ ಸಲ ನನ್ನ ಗಂಡನ ಕಡೆ ತಿರುಗಿದರು. ಪುತ್ರಜಯಾ ತಂಡದ ಮಾಲೀಕರ ಕೈ ಆಗಲೇ ಅರ್ಧ ಮೇಲೆದ್ದಿತ್ತು.

ಇವರು ಎದ್ದರು. ನನ್ನ ತೊಡೆಯ ಮೇಲಿದ್ದ ದಿಂಬನ್ನು ತೆಗೆದುಕೊಂಡರು. ಕುರ್ಚಿಗಳ ನಡುವೆ ಮೆಲ್ಲನೆ ನಡೆದುಹೋಗಿ, ಕೀರ್ತಿರಾಜನ ಭುಜ ಹಿಡಿದು ಸ್ವಲ್ಪ ಮುಂದಕ್ಕೆ ಬಾಗಿಸಿ, ಅವನ ಬೆನ್ನ ಹಿಂದೆ ದಿಂಬು ಇಟ್ಟರು. "ಜಾಗ್ರತೆ ಕೂತ್ಕೋ ಮಾರಾಯ. ತುಂಬ ಹೊತ್ತು ಹೀಗೆ ಕೂರ್ಲಿಕ್ಕಿಲ್ಲ" ಎಂದು ಮೆಲುದನಿಯಲ್ಲೇ ಹೇಳಿದರು. ಆದರೆ ಹಾಲ್ ಅಷ್ಟು ನಿಶ್ಶಬ್ದವಾಗಿತ್ತು, ಕೊನೆಯ ಸಾಲಿನವರಿಗೂ ಕೇಳಿಸಿತು.

ಪುತ್ರಜಯಾದವರ ಕೈ ಹಾಗೇ ಹೋಗಿ ತಲೆ ಕೆರೆದುಕೊಂಡಿತು.

"ಓಹೋ, ಬೆನ್ನಿನ್ನೂ ಸರಿ ಹೋಗಿಲ್ವಾ ಡಾಕ್ಟ್ರೇ?" ನರಹರಿ ಮೈಕಿನಲ್ಲೇ ಕೇಳಿದರು.

"ಛೆ ಛೆ, ಹಾಗೇನಿಲ್ಲ. ಆರಾಮ್ ಇದ್ದಾನೆ" ಎಂದು ಇವರು ಕೈಯಾಡಿಸಿ ನಕ್ಕರು. ರೋಗಿಯ ಮನೆಯವರ ಮುಂದೆ ಡಾಕ್ಟರುಗಳು ನಗುತ್ತಾರಲ್ಲ, ಆ ನಗೆ.

ಯಾರೂ ಕೂಗಲಿಲ್ಲ. ನರಹರಿ ಒಂದು ಸಲ ಎಂದರು, ಎರಡು ಸಲ ಎಂದರು. ಕೊನೆಗೆ ನಮ್ಮ ಸುಬಾಂಗ್ ತಂಡದ ಕ್ಯಾಪ್ಟನ್, "ಪಾಪ, ನಮ್ಮ ಕಡೇನೇ ಇರ್ಲಿ ಬಿಡಿ" ಎಂದು ಬೇಸ್ ಪಾಯಿಂಟಿಗೆ ಕೈಯೆತ್ತಿದ. ಹಾಲಿನಲ್ಲಿ ಒಂದು ಮೃದುವಾದ ನಗು ಹರಡಿತು. ಪಾಪ ಎಂದ ಮಾತಿಗೆ ಕೀರ್ತಿರಾಜನೂ ಎಲ್ಲರ ಜೊತೆ ನಕ್ಕ. ಅವನ ಕೈ ಮಾತ್ರ ಹಿಂದೆ ಹೋಗಿ ದಿಂಬನ್ನು ಮುಟ್ಟಿ ನೋಡಿತು.

ನನ್ನ ಕಣ್ಣು ಒದ್ದೆಯಾಗಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಅಷ್ಟು ಜನರ ನಡುವೆ ಹುಡುಗನ ಬೆನ್ನಿನ ಬಗ್ಗೆ ಯೋಚಿಸಿದರಲ್ಲ, ಇಂಥವರ ಹೆಂಡತಿ ನಾನು ಎಂದು ಉಬ್ಬಿಹೋಗಿದ್ದೆ. ಇವರು ಬಂದು ಪಕ್ಕದಲ್ಲಿ ಕೂತು, ನನ್ನ ಮಣಿಕಟ್ಟು ಒತ್ತಿ, ತುಟಿ ಅಲುಗಿಸದೆ ಪಿಸುಗುಟ್ಟಿದರು: "ಬೇಸ್ ಪಾಯಿಂಟಿಗೆ! ನೋಡಿದ್ಯಾ?"

ನುಜ್ಜಾದ ಫ್ರಿಜ್ ಮನೆಗೆ ತಂದ ದಿನದ ಮುಖವೇ ಅದು. ನನಗೆ ಎಲ್ಲ ಅರ್ಥವಾಯಿತು. ಆ ದಿಂಬನ್ನು ಮನೆಯಿಂದ ಹೊತ್ತು ತಂದವಳು ನಾನೇ ಎಂಬುದೂ ಜೊತೆಗೇ ಅರ್ಥವಾಯಿತು. ಕೂತ ಕುರ್ಚಿಯ ಕೆಳಗೆ ನೆಲ ಬಿರಿಯಬಾರದೇ ಅನ್ನಿಸಿತು.

ಕೀರ್ತಿರಾಜ್ ಗೆಳೆಯರ ಜೊತೆ ರೈಲಿನಲ್ಲಿ ಹೋದ. ನಾವು ಕಾರಿನಲ್ಲಿ ಹೊರಟೆವು. ಹೆದ್ದಾರಿ ಸೇರುವವರೆಗೆ ತಡೆದುಕೊಂಡೆ.

"ಅವನಿಗೆ ಬೆನ್ನು ನೋವು ಉಂಟಾ?"

"ಇಲ್ಲ."

"ಮತ್ತೆ ದಿಂಬು ಯಾಕೆ?"

"ಶರ್ಮಿಳಾ, ನಾನು ಒಂದಾದ್ರೂ ಸುಳ್ಳು ಹೇಳಿದ್ನಾ? ಆರಾಮ್ ಇದ್ದಾನೆ ಅಂತ ಮೈಕಲ್ಲೇ ಹೇಳಿದೆ. ಅವರು ನಂಬದಿದ್ರೆ ನಾನೆಂತ ಮಾಡ್ಲಿ? ಇಷ್ಟು ದಿನ ಅವನ ಹಿಂದೆ ಬಿದ್ದು ಸರಿ ಮಾಡಿದವ ನಾನು. ತಯಾರಾದ ಮೇಲೆ ಪುತ್ರಜಯಾದವರು ಎತ್ತಿಕೊಂಡು ಹೋಗ್ಬೇಕಾ?"

ಹಿಂದಿನ ಸೀಟಿನಿಂದ ಅನನ್ಯ, ಕಿವಿಯ ಇಯರ್‌ಫೋನ್ ಕೂಡ ತೆಗೆಯದೆ, ಇಲ್ಲಿಯವರ ಇಂಗ್ಲಿಷಿನಲ್ಲಿ, "ಪಪ್ಪಾ, ಯು ಮೇಡ್ ಹಿಮ್ ಲುಕ್ ಸೋ ಸಿಕ್ ಲಾ. ನಾಟ್ ನೈಸ್" ಎಂದಳು. ಇವರು ರೇಡಿಯೊ ಹಾಕಿದರು.

ಮರುದಿನ ರತ್ನಮ್ಮನ ಫೋನ್ ಬಂತು. ಲೈವ್ ನೋಡಿದ್ದರು. ಅಕ್ಕಪಕ್ಕದ ಮನೆಯವರನ್ನೆಲ್ಲ ಕೂರಿಸಿಕೊಂಡು ನೋಡಿದ್ದರಂತೆ. "ಡಾಕ್ಟ್ರು ಎದ್ದು ಹೋಗಿ ದಿಂಬು ಇಟ್ಟದ್ದು ನೋಡಿದೆ ಅಕ್ಕ. ನಾನು ಹೆತ್ತವಳು, ನಂಗೆ ಸಹ ಅದು ಹೊಳೀತಿರ್ಲಿಲ್ಲ" ಎಂದು ಅತ್ತರು. ಅತ್ತು ಮುಗಿಸಿ, ದನಿ ತಗ್ಗಿಸಿ ಕೇಳಿದರು: "ಅಷ್ಟು ಹಾಳಾಗಿದೆಯಾ ಅವನ ಬೆನ್ನು? ಸರಿಯಾಯ್ತು ಅಂತ ನಂಗೆ ಸುಳ್ಳು ಹೇಳಿದ್ನಾ ಅವ?"

"ಇಲ್ಲ ರತ್ನಮ್ಮ, ನಿಜವಾಗಿಯೂ ಸರಿಯಾಗಿದೆ."

"ನೀವು ನನ್ನ ಸಮಾಧಾನಕ್ಕೆ ಹೇಳ್ತೀರಿ. ಇರ್ಲಿ ಅಕ್ಕ. ಬೌಲಿಂಗ್ ಎಲ್ಲ ಸಾಕು, ಮನೆಗೆ ಬರ್ಲಿ ಅವ. ಕೈಕಾಲು ಗಟ್ಟಿ ಇದ್ರೆ ಸಾಕು ನಂಗೆ."

ಆಗಲೇ ಹೇಳಬಹುದಿತ್ತು. ದಿಂಬು ಬೆನ್ನಿಗಾಗಿ ಇಟ್ಟದ್ದಲ್ಲ ರತ್ನಮ್ಮ ಎಂದರೆ ಮುಗಿಯುತ್ತಿತ್ತು. ಗಂಡನ ಮರ್ಯಾದೆ ನಾಲಿಗೆಗೆ ಅಡ್ಡ ಬಂತು. ಬೇರೆ ಯಾರ ಗಂಡ ಮಾಡಿದ್ದರೂ ಅವರ ಮುಖಕ್ಕೆ ಹೊಡೆದಂತೆ ಹೇಳುವ ಹೆಂಗಸು ನಾನು, ಆವತ್ತು ಊಟ ಆಯ್ತಾ ಎಂದು ಮಾತು ತಿರುಗಿಸಿದೆ.

ಲೀಗ್ ಶುರುವಾಯಿತು. ಮೊದಲ ಪಂದ್ಯದಲ್ಲೇ ಕೀರ್ತಿರಾಜ್ ಓಟ ಚಿಕ್ಕದು ಮಾಡಿಕೊಂಡಿದ್ದ. ಎರಡನೆಯದರಲ್ಲಿ ಇನ್ನೂ ಚಿಕ್ಕದು. ಚೆಂಡು ಎಸೆದ ಮೇಲೆ ಪ್ರತಿಸಲವೂ ಎಡಗೈ ಸೊಂಟದ ಹಿಂದೆ ಹೋಗುತ್ತಿತ್ತು. ನೆಟ್ಸ್‌ನಲ್ಲಿ ಫುಟ್ಬಾಲಿನವರನ್ನು ನಿಲ್ಲಿಸಿದ್ದವನ ಚೆಂಡನ್ನು ಈಗ ತಲೆ ನರೆತ ಅಕೌಂಟೆಂಟುಗಳು ಬೌಂಡರಿಗೆ ಅಟ್ಟುತ್ತಿದ್ದರು. "ಒಳ್ಳೇದಾಯ್ತು ಗುರೂ, ನಾವು ತಗೊಂಡಿದ್ರೆ ಮುಳುಗ್ತಿದ್ವಿ" ಎಂದು ಪುತ್ರಜಯಾದವರು ನಮಗೆ ಕೇಳುವಂತೆಯೇ ಮಾತಾಡಿಕೊಂಡರು.

"ನೋವು ಉಂಟಾ?" ಇವರು ಕೇಳಿದರು.

"ಇಲ್ಲ ಸರ್."

"ಮತ್ತೆ?"

"ಗೊತ್ತಿಲ್ಲ ಸರ್. ನೋವು ಬಂದ್ರೆ ಅಂತ."

ಇವರು ಮತ್ತೆ ಸ್ಕ್ಯಾನ್ ಮಾಡಿಸಿದರು. ಕಂಪ್ಯೂಟರಿನಲ್ಲಿ ಹಾಕಿ ತೋರಿಸಿದರು, ಇಲ್ಲಿ ನೋಡು ಬಿರುಕೇ ಇಲ್ಲ ಎಂದು ಬೆರಳಿಟ್ಟು ತೋರಿಸಿದರು, ಗದರಿದರು, ಬೆನ್ನು ತಟ್ಟಿದರು. ಅವನು ಎಲ್ಲಕ್ಕೂ ಹೂಂ ಸರ್ ಎಂದ. ಯಾವುದೂ ಒಳಗೆ ಇಳಿಯಲಿಲ್ಲ. ಡಾಕ್ಟರ ಬಾಯಿ ಒಂದು ಹೇಳಿದರೆ ಕೈ ಇನ್ನೊಂದು ಹೇಳಿತ್ತು. ಅವನು ಕೈಯನ್ನು ನಂಬಿದ್ದ. ನಾನಾಗಿದ್ದರೂ ಅದನ್ನೇ ನಂಬುತ್ತಿದ್ದೆ.

ಒಂದು ಭಾನುವಾರ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಾ, ತಲೆ ಎತ್ತದೆ ಕೇಳಿದ: "ಅಕ್ಕ, ಸರ್ ನನ್ನ ಹತ್ರ ಏನಾದ್ರೂ ಮುಚ್ಚಿಡ್ತಿದ್ದಾರಾ? ನಿಮ್ಗೆ ಗೊತ್ತಿದ್ರೆ ಹೇಳಿ. ನಾನು ಹೆದರ್ಲಿಕ್ಕಿಲ್ಲ."

ಮುಚ್ಚಿಟ್ಟಿದ್ದರು. ಅವನು ಅಂದುಕೊಂಡದ್ದನ್ನಲ್ಲ, ಅಷ್ಟೆ. ನಾನು ಸಾರಿಗೆ ಹುಣಸೆ ಕಿವುಚುತ್ತಾ, "ಎಂತದ್ದೂ ಇಲ್ಲ ಮಾರಾಯ, ಸುಮ್ಮನೆ ತಲೆ ಕೆಡಿಸ್ಕೊಳ್ಬೇಡ" ಎಂದೆ. ಎರಡನೆಯ ಸಲ ಬಾಯಿಗೆ ಬೀಗ ಹಾಕಿಕೊಂಡೆ.

ರಾತ್ರಿ ಇವರೊಡನೆ ಜಗಳವಾಡಿದೆ. ಅವನಿಗೆ ಬೇರೆ ಮದ್ದು ಇಲ್ಲ, ನೀವು ಮಾಡಿದ್ದನ್ನು ಹೇಳುವುದೊಂದೇ ಮದ್ದು ಎಂದೆ. ಇವರು ಗೋಡೆ ಕಡೆ ತಿರುಗಿ, "ಅವ ನನ್ನನ್ನು ದೇವರು ಅಂದ್ಕೊಂಡಿದ್ದಾನೆ" ಎಂದರು. ಜಂಬದಿಂದ ಹೇಳಿದ್ದಲ್ಲ. ಆ ದನಿಯಲ್ಲಿ ಎಷ್ಟು ನಾಚಿಕೆಯಿತ್ತೆಂದರೆ ನಾನು ಜಗಳ ಬಿಟ್ಟು ದೀಪ ಆರಿಸಿದೆ. ಇವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಇಷ್ಟರಲ್ಲಿ ನಾಚಿಕೆಯಿಲ್ಲದೆ ಹೇಳಿ ಕೈ ತೊಳೆದುಕೊಳ್ಳುತ್ತಿದ್ದರು.

ಮುಂದಿನ ಭಾನುವಾರ ಮಧ್ಯಾಹ್ನ ಕೀರ್ತಿರಾಜ್ ಬ್ರಿಕ್‌ಫೀಲ್ಡ್ಸಿನ ಮಿಠಾಯಿ ಪೆಟ್ಟಿಗೆ ಹಿಡಿದು ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಬಂದವನೇ ಇವರ ಕಾಲು ಮುಟ್ಟಿದ, ನನ್ನ ಕಾಲನ್ನೂ ಮುಟ್ಟಿದ. ಮುಟ್ಟಲು ಬಗ್ಗುವಾಗ ಮುದುಕನ ಹಾಗೆ ಮೊಣಕಾಲಿಗೆ ಕೈಯೂರಿಕೊಂಡು ಬಗ್ಗಿದ.

"ಸರ್, ಊರಿಗೆ ಹೋಗ್ತೇನೆ. ಸೆಮಿಸ್ಟರ್ ಮುಗಿದ ಕೂಡ್ಲೆ. ಊರಿನ ಟೀಮಿನವರಿಗೆ ವಿಡಿಯೋ ಕಳಿಸುದಿಲ್ಲ ಅಂತ ಹೇಳಿಬಿಟ್ಟೆ. ಅಮ್ಮ ತುಂಬ ಹೆದರಿದ್ದಾರೆ. ಮಾವ ಮಸ್ಕತ್ತಿನಲ್ಲಿ ಅಂಗಡಿಯಲ್ಲಿ ಕೂರ್ಲಿಕ್ಕೆ ಕೆಲಸ ಉಂಟು ಅಂತಾರೆ." ಸ್ವಲ್ಪ ತಡೆದು ಸೇರಿಸಿದ: "ನೀವು ಮಾಡಿದ್ದು ಯಾರೂ ಮಾಡ್ಲಿಕ್ಕಿಲ್ಲ ಸರ್. ಬೆನ್ನು ನನ್ನದು ಸರಿಯಿಲ್ಲ, ನೀವೆಂತ ಮಾಡ್ಲಿಕ್ಕಾಗ್ತದೆ."

ಇವರು ಮಿಠಾಯಿ ಪೆಟ್ಟಿಗೆಯ ದಾರ ಬಿಚ್ಚಲು ಹೋದರು. ಗಂಟು ಬಿಚ್ಚಲಿಲ್ಲ. ಸ್ನಾಯುಗಳ ಬಗ್ಗೆ ಏನೋ ಶುರು ಮಾಡಿದರು. ಕೆಲವು ಸಲ ಮನಸ್ಸಿಗೆ ಅನ್ನಿಸುವ ನೋವು ಬೇರೆ, ಮೂಳೆಯ ನೋವು ಬೇರೆ ಎಂದರು. ಕ್ಲಾಸಿನಲ್ಲಿ ಪಾಠ ಮಾಡಿದ ಹಾಗೆ ಮಾಡಿದರು.

"ನೀವು ಹೇಳ್ತೀರಾ, ನಾನು ಹೇಳ್ಬೇಕಾ?" ಎಂದೆ.

ಇವರು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು.

"ಕೀರ್ತಿ, ಆ ದಿಂಬು..." ಮತ್ತೆ ಶುರು ಮಾಡಿದರು. "ಹರಾಜಿನ ದಿನ ನಿನ್ನ ಬೆನ್ನಿಗೆ ದಿಂಬು ಬೇಕಾಗಿರ್ಲಿಲ್ಲ. ಎಲ್ರೂ ನನ್ನನ್ನೇ ನೋಡ್ತಿದ್ರು. ನಿನ್ನ ಬೆನ್ನು ಇನ್ನೂ ಸರಿಯಿಲ್ಲ ಅಂತ ಅವರು ಅಂದ್ಕೊಳ್ಳಿ ಅಂತ ಇಟ್ಟೆ. ನಿನ್ನನ್ನು ಕಮ್ಮಿಗೆ ತಗೊಳ್ಳಿಕ್ಕೆ. ಮನೆಯಿಂದಲೇ ಯೋಚನೆ ಮಾಡ್ಕೊಂಡು ಬಂದಿದ್ದೆ."

ಕೀರ್ತಿರಾಜ್ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನು ಎದ್ದು ನಿಂತ. ನಮ್ಮ ಹಾಲಿನ ನಡುವೆ ನಿಂತು ಮೆಲ್ಲನೆ ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ, ಕೈಯೂರದೆ ಬಗ್ಗಿ ಕಾಲ ಬೆರಳು ಮುಟ್ಟಿದ. ಎದ್ದವನ ಮುಖ ಕೆಂಪಾಗಿತ್ತು.

"ಅಂದ್ರೆ ಏನೂ ಇಲ್ವಾ?"

"ಏನೂ ಇಲ್ಲ. ಅವತ್ತೂ ಇರ್ಲಿಲ್ಲ, ಇವತ್ತೂ ಇಲ್ಲ."

ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಒಂದೇ ಮಾತು ಕೇಳಿದ: "ಸರ್, ಹಾಗಾದ್ರೆ ನಾನು ಎಷ್ಟಕ್ಕೆ ಹೋಗ್ತಿದ್ದೆ?"

ಇವರ ಕಣ್ಣು ನೆಲದಲ್ಲಿತ್ತು. "ಪುತ್ರಜಯಾದವರು ಇದ್ದದ್ದೆಲ್ಲ ನಿನ್ನ ಮೇಲೆ ಸುರೀತಿದ್ರು. ನಮಗೆ ನೀನು ಸಿಗ್ತಿರ್ಲಿಲ್ಲ. ಈ ಲೀಗಲ್ಲಿ ಇದುವರೆಗೆ ಯಾರೂ ಅಷ್ಟಕ್ಕೆ ಹೋದವರಿಲ್ಲ."

"ಅಷ್ಟು ಜನರ ಎದುರು?"

"ಅಷ್ಟು ಜನರ ಎದುರು."

ಅವನ ಮುಖದಲ್ಲಿ ಒಂದು ಸಣ್ಣ ಸಂತೋಷ ಬಂತು. ಅದನ್ನು ನೋಡಲು ನನ್ನಿಂದಾಗಲಿಲ್ಲ. ಅದು ಅವನಿಗೆ ಎಲ್ಲರೆದುರು ಸಿಗಬೇಕಾಗಿದ್ದ ಸಂತೋಷ, ನಮ್ಮ ಮನೆಯ ಹಾಲಿನಲ್ಲಿ ನಾವಿಬ್ಬರು ತಲೆತಗ್ಗಿಸಿಕೊಂಡು ಕೂತಿರುವಾಗ ಸಿಗುತ್ತಿತ್ತು.

"ಅವತ್ತು ಅಮ್ಮ ನೋಡ್ತಾ ಇದ್ರು ಸರ್" ಎಂದ. ಜೇಬಿನಿಂದ ಫೋನ್ ತೆಗೆದ. "ಈಗ ನಂಗೆ ಹೇಳಿದ್ರಲ್ಲ, ಅದನ್ನೇ ಅವರಿಗೂ ಒಂದು ಸಲ ಹೇಳಿ. ನಾನು ಹೇಳಿದ್ರೆ ನಂಬ್ಲಿಕ್ಕಿಲ್ಲ."

ಇವರು ಬೇಡವೆಂಬಂತೆ ಕೈ ಎತ್ತುವಷ್ಟರಲ್ಲಿ ರತ್ನಮ್ಮ ಪರದೆಯ ಮೇಲೆ ಬಂದಿದ್ದರು. ಡಾಕ್ಟರನ್ನು ಕಂಡು ಗಡಬಡಿಸಿ ಸೆರಗು ಸರಿಮಾಡಿಕೊಂಡು, "ನಮಸ್ಕಾರ ಡಾಕ್ಟ್ರೆ, ಊಟ ಆಯ್ತಾ?" ಎಂದರು.

ಇವರು ಫೋನ್ ಕೈಗೆ ತೆಗೆದುಕೊಂಡು ಹೇಳಿದರು. ಈ ಸಲ ಸುತ್ತಿಬಳಸಲಿಲ್ಲ. "ರತ್ನಮ್ಮ, ನಿಮ್ಮ ಮಗನ ಬೆನ್ನು ಪೂರ್ತಿ ಸರಿಯಾಗಿದೆ. ಅವತ್ತು ದಿಂಬು ಇಟ್ಟದ್ದು ಅವನಿಗೆ ನೋವಿತ್ತು ಅಂತ ಅಲ್ಲ. ಬೇರೆ ಟೀಮಿನವರು ಅವನನ್ನು ತಗೊಳ್ಬಾರ್ದು, ನಮ್ಮ ಹತ್ರವೇ ಇರ್ಲಿ ಅಂತ ಹಾಗೆ ಮಾಡಿದೆ. ನಾನು ಮಾಡಿದ್ದು ಮೋಸ. ಅವನಿಗೂ ಮೋಸ, ನಿಮಗೂ ಮೋಸ."

ಫೋನಿನಲ್ಲಿ ಯಾರದೋ ಕೋಳಿ ಕೂಗಿದ್ದು ಕೇಳಿಸಿತು.

"ಅಂದ್ರೆ ಅವ ಬೌಲಿಂಗ್ ಮಾಡ್ಬಹುದಾ ಡಾಕ್ಟ್ರೆ?"

"ಮಾಡ್ಬಹುದು. ಎಷ್ಟು ಜೋರು ಬೇಕಾದ್ರೂ."

ರತ್ನಮ್ಮ ಅಳುತ್ತಾ ನಗತೊಡಗಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು. "ನನ್ನ ಜೀವ ಬಂತು ಡಾಕ್ಟ್ರೆ. ದೇವರು ನಿಮ್ಮನ್ನು ಚೆಂದ ಇಟ್ಟಿರ್ಲಿ. ಮೋಸ ಅಂತ ಯಾಕೆ ಹೇಳ್ತೀರಿ? ಇಷ್ಟು ದಿನ ಕೈಯಲ್ಲಿಟ್ಟು ಸಾಕಿದ ಹುಡುಗನ್ನ ಬೇರೆಯವರಿಗೆ ಬಿಟ್ಟುಕೊಡ್ಲಿಕ್ಕೆ ಮನಸ್ಸು ಬರ್ಲಿಲ್ಲ ನಿಮಗೆ. ನಂಗೆ ಗೊತ್ತಾಗ್ತದೆ. ಸ್ವಂತ ಮಗ ಅಂದ್ರೆ ಹಾಗೇ ಅಲ್ವಾ?"

ಇವರ ಬಾಯಿ ತೆರೆಯಿತು. ಅಲ್ಲ ರತ್ನಮ್ಮ, ಅದಕ್ಕಲ್ಲ, ಪಾಯಿಂಟು ಉಳಿಸಲು ಎಂದು ಹೇಳಲು ಹೊರಟಿದ್ದರು, ನನಗೆ ಗೊತ್ತು. ಇವರ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಕೀರ್ತಿರಾಜ್ ಮೆಲ್ಲನೆ ಇವರ ಕೈಯಿಂದ ಫೋನ್ ತೆಗೆದುಕೊಂಡ.

"ಸಾಕು ಸರ್" ಎಂದ. "ಅಮ್ಮ ಹಾಗೇ ಅಂದ್ಕೊಳ್ಳಿ."